ವಿಜಯ್ ಅಯ್ಯರ್ ಬೆಸ್ಟ್ ಆಲ್ಬಮ್ ಯಾವುದು? ನನ್ನ ಓಟು ‘ಕನ್ನಡ’ಕ್ಕೆ

ಜಾಝ್ ಕೇಳುವ ನಾಲ್ಕು ಜನ ಸೇರಿದ ಕಡೆ ‘ವಿಜಯ್ ಅಯ್ಯರ್ ಅವರ ಬೆಸ್ಟ್ ಆಲ್ಬಮ್ ಯಾವುದು?’ ಅಂತ ಕೇಳಿ ನೋಡಿ, ಆ ರಾತ್ರಿ ಯಾರೂ ಬೇಗ ಮಲಗಲ್ಲ. ನನ್ನ ಇಂಜಿನಿಯರಿಂಗ್ ಗೆಳೆಯರ ನಡುವೆ ಈ ಜಗಳ ವರ್ಷಗಳಿಂದ ನಡೀತಾ ಇದೆ. ಒಬ್ಬರೂ ಪಕ್ಷ ಬದಲಿಸಿಲ್ಲ.

ಹೆಸರು ಹೊಸದು ಅನ್ನುವವರಿಗೆ ಚಿಕ್ಕ ಪರಿಚಯ. ವಿಜಯ್ ಅಯ್ಯರ್ ಹುಟ್ಟಿದ್ದು 1971ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ವಲಸೆ ಹೋದ ತಮಿಳು ಕುಟುಂಬದಲ್ಲಿ. ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಬಾಲ್ಯದಲ್ಲಿ ಕ್ರಮವಾಗಿ ಕಲಿತದ್ದು ಪಿಟೀಲು, ಪಿಯಾನೊ ಬಹುಪಾಲು ಸ್ವಂತ ಕಲಿಕೆ. 2013ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು, ಆಮೇಲೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ವಿಜ್ಞಾನ ಓದಿ ದಾರಿ ಬದಲಿಸಿದವರ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡ್ತೀನಿ.

ಮೂರು ಬಣಗಳು

ಮೊದಲನೆಯದು ‘ಹಿಸ್ಟಾರಿಸಿಟಿ’ ಬಣ. 2009ರ ಈ ಆಲ್ಬಮ್‌ನಲ್ಲಿ ಇರೋದು ಮೂರೇ ಜನ: ಪಿಯಾನೊ, ಬಾಸ್‌ನಲ್ಲಿ ಸ್ಟೀಫನ್ ಕ್ರಂಪ್, ಡ್ರಮ್ಸ್‌ನಲ್ಲಿ ಮಾರ್ಕಸ್ ಗಿಲ್ಮೋರ್. ಎಂ.ಐ.ಎ. ಹಾಡನ್ನೂ ಸ್ಟೀವಿ ವಂಡರ್ ಹಾಡನ್ನೂ ಬಿಚ್ಚಿ ಮತ್ತೆ ಜೋಡಿಸ್ತಾರೆ. ರಾನಿ ಫಾಸ್ಟರ್ ಅವರ ಒಂದು ಹಳೆಯ ಟ್ಯೂನ್‌ನ ಲಯವನ್ನು 3, 5, 8, 13 ಹೀಗೆ ಬೆಳೆಯುವ ಫಿಬೊನಾಚಿ ಸಂಖ್ಯೆಗಳ ಅನುಪಾತದಲ್ಲಿ ಎಳೆದು ಕೂರಿಸ್ತಾರೆ. ನಮ್ಮ ಗುಂಪಿನ ಕಂಪ್ಯೂಟರ್ ಸೈನ್ಸ್‌ನವರೆಲ್ಲ ಈ ಬಣದಲ್ಲೇ ಇದ್ದಾರೆ.

ಎರಡನೆಯದು ರಾಜಕೀಯ ಬಣ. ಇವರ ಆಯ್ಕೆ, ಕವಿ ಮೈಕ್ ಲ್ಯಾಡ್ ಜೊತೆ 2003ರಲ್ಲಿ ಮಾಡಿದ ‘ಇನ್ ವಾಟ್ ಲ್ಯಾಂಗ್ವೇಜ್?’. 2001ರಲ್ಲಿ ಇರಾನಿನ ನಿರ್ದೇಶಕ ಜಾಫರ್ ಪನಾಹಿ ಅವರನ್ನು ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಸರಪಳಿ ಹಾಕಿ ಕೂರಿಸಿದ್ದರು. ಆಲ್ಬಮ್ ಹೆಸರು ಹುಟ್ಟಿದ್ದು ಆ ಘಟನೆಯಿಂದ. ಪಾಸ್‌ಪೋರ್ಟ್, ಚರ್ಮದ ಬಣ್ಣ, ಅನುಮಾನದ ಕಣ್ಣು, ಎಲ್ಲ ಇದರೊಳಗಿದೆ.

ಮೂರನೆಯ ಬಣ 2021ರ ‘ಅನ್‌ಈಸಿ’ಯದ್ದು. ಬಾಸ್‌ನಲ್ಲಿ ಲಿಂಡಾ ಮೇ ಹಾನ್ ಓ, ಡ್ರಮ್ಸ್‌ನಲ್ಲಿ ಟೈಶಾನ್ ಸೋರಿ. ವಿಷಪೂರಿತ ಕುಡಿಯುವ ನೀರಿನಿಂದ ನರಳಿದ ಫ್ಲಿಂಟ್ ಊರಿನ ಮಕ್ಕಳಿಗಾಗಿ ಇದರಲ್ಲಿ ಒಂದು ರಚನೆಯಿದೆ.

ಮೂರೂ ಒಳ್ಳೆಯ ಆಯ್ಕೆಗಳೇ. ಆದರೆ ಮೂರೂ ಬಣದವರು ಹುಡುಕಿದ್ದು ಮುಖಪುಟದಲ್ಲಿ ಅಯ್ಯರ್ ಹೆಸರಿರುವ ಆಲ್ಬಮ್‌ಗಳನ್ನು ಮಾತ್ರ. ನನ್ನ ಓಟು ಅವರ ಹೆಸರು ಒಳಪುಟದಲ್ಲಿರುವ ಕೆಲಸಕ್ಕೆ.

‘ಇಂಡಿಯನ್ ಮಾತಾಡ್ತೀರಾ?’

2004ರಲ್ಲಿ ‘ಮದರ್ ಟಂಗ್’ ಅಂತ ಒಂದು ಆಲ್ಬಮ್ ಬಂತು. ಅದು ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರದ್ದು. ಕರ್ನಾಟಕ ಮೂಲದ ಕುಟುಂಬ, ಬೆಳೆದದ್ದು ಕೊಲರಾಡೊದಲ್ಲಿ. ನಮ್ಮ ಕದ್ರಿ ಗೋಪಾಲನಾಥ್ ಜೊತೆ 2008ರಲ್ಲಿ ‘ಕಿನ್ಸ್‌ಮೆನ್’ ಮಾಡಿದವರು ಇವರೇ.

ಅಮೆರಿಕದಲ್ಲಿರುವ ಭಾರತೀಯರಿಗೆ ಪದೇ ಪದೇ ಎದುರಾಗುವ ಒಂದು ಪ್ರಶ್ನೆ: ನೀವು ‘ಇಂಡಿಯನ್’ ಮಾತಾಡ್ತೀರಾ? ಕೆಲವರು ‘ಹಿಂದೂ’ ಮಾತಾಡ್ತೀರಾ ಅಂತಲೂ ಕೇಳ್ತಾರೆ. ಮಹಾಂತಪ್ಪ ಇದೇ ಪ್ರಶ್ನೆಯನ್ನು ಹಲವರ ಮುಂದಿಟ್ಟು, ಅವರವರ ಭಾಷೆಯಲ್ಲಿ ಬಂದ ಉತ್ತರಗಳನ್ನು ರೆಕಾರ್ಡ್ ಮಾಡಿದರು. ಆ ಮಾತಿನ ಏರಿಳಿತವನ್ನೇ ಸ್ವರಗಳಾಗಿ ಬರೆದುಕೊಂಡು ಸಂಗೀತ ಕಟ್ಟಿದರು. ರಚನೆಗಳಿಗೆ ಭಾಷೆಗಳದ್ದೇ ಹೆಸರು: ಕನ್ನಡ, ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ, ಇಂಗ್ಲಿಷ್ ಕೂಡ.

ಮಾತು ರಾಗ ಆಗೋದು ಹೇಗೆ? ‘ಹೌದಾ’ ಅನ್ನೋ ಪದವನ್ನು ಆಶ್ಚರ್ಯದಿಂದ ಒಮ್ಮೆ, ಅನುಮಾನದಿಂದ ಒಮ್ಮೆ, ವ್ಯಂಗ್ಯದಿಂದ ಒಮ್ಮೆ ಹೇಳಿ. ಪದ ಒಂದೇ, ಟ್ಯೂನ್ ಮೂರು. ಪ್ರತಿ ಅಕ್ಷರಕ್ಕೂ ಒಂದು ಎತ್ತರ, ಒಂದು ಉದ್ದ ಇದೆ. ಅವನ್ನು ಬರೆದಿಟ್ಟರೆ ಸ್ವರಸಾಲು ಸಿಗುತ್ತೆ. ಕಷ್ಟ ಶುರುವಾಗೋದು ಆಮೇಲೆ. ನಾವು ಮಾತಾಡುವಾಗ ತಾಳ ಹಾಕಿಕೊಂಡು ಮಾತಾಡಲ್ಲ. ನಾಲ್ಕರ ಲೆಕ್ಕಕ್ಕೂ ಸಿಗಲ್ಲ, ಒಂದು ರಾಗದ ಚೌಕಟ್ಟಿಗೂ ಕೂರಲ್ಲ. ಅಂಥ ಸಾಲಿನ ಕೆಳಗೆ ನೆಲ ಹಾಸಬೇಕು. ಈ ಆಲ್ಬಮ್‌ನಲ್ಲಿ ಬಾಸ್ ಮತ್ತು ಡ್ರಮ್ಸ್ ಜೊತೆ ಆ ಕೆಲಸ ಮಾಡಿದ ಪಿಯಾನೊ ಅಯ್ಯರ್ ಅವರದ್ದು.

ಹಾರ್ಮೋನಿಯಂ ಮೇಷ್ಟ್ರ ಲೆಕ್ಕ

ಇದು ಎಷ್ಟು ಕಷ್ಟ ಅಂತ ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಇಡೀ ರಾತ್ರಿ ಕುರುಕ್ಷೇತ್ರ ನಾಟಕ ಆಡ್ತಾರೆ. ಬೆಳಗ್ಗೆ ಟೀ ಅಂಗಡಿಯಲ್ಲಿ ಚರ್ಚೆ: ಯಾರ ದುರ್ಯೋಧನ ಜೋರು, ಯಾರ ಕೃಷ್ಣ ಸಪ್ಪೆ. ಹಾರ್ಮೋನಿಯಂ ಮೇಷ್ಟ್ರ ಹೆಸರು ಆ ಪಟ್ಟಿಗೆ ಬರೋದು ಕಡಿಮೆ. ಆದರೆ ತಾಳವಿಲ್ಲದ ಕಂದಪದ್ಯವನ್ನು ಪಾತ್ರಧಾರಿ ತನಗೆ ಬಂದಂತೆ ಎಳೆದಾಗ, ಉಸಿರು ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ಊಹಿಸಿ, ಶ್ರುತಿ ತಪ್ಪಿದ ಕಡೆ ಮೆಲ್ಲಗೆ ಸ್ವರ ಕೊಟ್ಟು ಕಾಪಾಡೋದು ಅವರೇ. ಬಣ್ಣ ಹಚ್ಚಿ ಒಮ್ಮೆ ಹಾಡಿದವರಿಗೆ ಇದು ಗೊತ್ತು. ಪಿಯಾನೊ ಥರವೇ ಹಾರ್ಮೋನಿಯಂನ ಮನೆಗಳೂ ಗಟ್ಟಿ. ಗಂಟಲು ಎರಡು ಮನೆಗಳ ನಡುವೆ ಜಾರಬಹುದು, ಬೆರಳಿಗೆ ಆ ದಾರಿ ಇಲ್ಲ. ಆ ಕೊರತೆಯೊಳಗೇ ಜೊತೆ ಕೊಡಬೇಕು.

‘ಬೆಸ್ಟ್ ಯಾವುದು’ ಅನ್ನುವಾಗ ನಾವು ಸೋಲೊ ಅಳೀತೀವಿ, ಕೈಚಳಕ ಅಳೀತೀವಿ. ಜಾಝ್ ಒಬ್ಬರ ಕಲೆ ಅಲ್ಲ. ಪಕ್ಕದವರ ಮಾತು ಕೇಳಿಸಿಕೊಂಡು ತಕ್ಷಣ ಉತ್ತರ ಕೊಡುವ ಕಲೆ. ಆ ಅಳತೆಗೋಲು ಹಿಡಿದರೆ ‘ಮದರ್ ಟಂಗ್’ ಮೇಲಕ್ಕೆ ಬರುತ್ತೆ. ಇಬ್ಬರೇ ಕೂತು ನುಡಿಸಿದ 2006ರ ‘ರಾ ಮೆಟೀರಿಯಲ್ಸ್’ ಕೂಡ.

ಬರೀ ಭಾಷಾಭಿಮಾನವಾ?

ಗೆಳೆಯರ ತಕರಾರು ಇದೇ: ‘ಕನ್ನಡ ಅಂತ ಹೆಸರಿದೆ, ಅದಕ್ಕೇ ನಿನ್ನ ಓಟು.’ ನ್ಯಾಯವಾದ ಅನುಮಾನ. ರಚನೆ ಮಹಾಂತಪ್ಪ ಅವರದ್ದು ಅನ್ನೋದೂ ನಿಜ. ಇಬ್ಬರೂ ನಮ್ಮ ಹೆಮ್ಮೆ ತಣಿಸೋಕೆ ನುಡಿಸಿದವರಲ್ಲ.

ಆದರೂ ನಾನು ಈ ಸಂಗೀತವನ್ನು ಕೇಳೋದು ಮಂಡ್ಯದ ಕಿವಿಯಿಂದ. ಕಾವೇರಿ ನೀರಿನ ಜಗಳ ಜೋರಾದಾಗಲೆಲ್ಲ ಮದ್ದೂರಿನಲ್ಲಿ ಹೆದ್ದಾರಿ ಬಂದ್ ಆಗುತ್ತೆ. 2002ರ ಅಕ್ಟೋಬರ್‌ನಲ್ಲಿ, ಸೋಮನಹಳ್ಳಿಯಲ್ಲೇ ಹುಟ್ಟಿದ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟಿದ್ದರು. ಅದಾದ ಎರಡೇ ವರ್ಷಕ್ಕೆ, ದೂರದ ಅಮೆರಿಕದಲ್ಲಿ, ತಮಿಳು ಮನೆಯ ಹುಡುಗನೊಬ್ಬ ಕನ್ನಡದ ಮಾತಿನ ಕೆಳಗೆ ಪಿಯಾನೊ ಹಿಡಿದಿದ್ದಾನೆ. ಇದರಿಂದ ಟಿಎಂಸಿ ಲೆಕ್ಕವೇನೂ ಬಗೆಹರಿಯಲ್ಲ. ಆದರೆ ಕನ್ನಡವನ್ನು ಕಾಯೋಕೆ ತಮಿಳನ್ನು ಬೈಯಬೇಕು ಅನ್ನೋ ವಾದ ಈ ಆಲ್ಬಮ್ ಮುಂದೆ ನಿಲ್ಲಲ್ಲ. ಎರಡೂ ಭಾಷೆ ಅಲ್ಲಿ ಒಂದೇ ಪ್ರಶ್ನೆಗೆ, ತಂತಮ್ಮ ದನಿಯಲ್ಲಿ ಉತ್ತರ ಕೊಟ್ಟಿವೆ.

ಆ ಪ್ರಶ್ನೆ ಅಮೆರಿಕದ್ದು ಮಾತ್ರವೂ ಅಲ್ಲ. ನಮ್ಮೂರಿನ ಬ್ಯಾಂಕ್ ಕೌಂಟರ್‌ನಲ್ಲಿ ‘ಹಿಂದಿ ಬರಲ್ವಾ?’ ಅಂತ ಕೇಳಿದಾಗ ಅದರೊಳಗಿರುವ ಊಹೆಯೂ ಅದೇ: ಇಷ್ಟು ದೊಡ್ಡ ದೇಶಕ್ಕೆ ಒಂದೇ ಭಾಷೆ ಇರಬೇಕು, ನಿಮಗೆ ಅದು ಬರಬೇಕು.

ಕೇಳಬೇಕು ಅನ್ನಿಸಿದರೆ ‘ಕನ್ನಡ’ ಮತ್ತು ‘ತಮಿಳು’ ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ಮೊದಲ ಸಲ ಸ್ಯಾಕ್ಸೋಫೋನ್ ಹಿಂದೆ ಹೋಗಿ. ಎರಡನೇ ಸಲ ಅದನ್ನು ಬಿಟ್ಟು ಪಿಯಾನೊ ಒಂದನ್ನೇ ಕೇಳಿ. ಆಮೇಲೆ ‘ಹಿಸ್ಟಾರಿಸಿಟಿ’ಗೇ ಓಟು ಹಾಕ್ತೀನಿ ಅಂದರೂ ನನ್ನ ತಕರಾರಿಲ್ಲ.