ಹದಿನೆಂಟನೆಯ ದರ್ಜೆ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧವನ್ನು ಹರಾಜಿಗೆ ಅಣಿಗೊಳಿಸುವಾಗ ಅರಣ್ಯ ಇಲಾಖೆಯವರು ಅದನ್ನು 18 ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಬಿರುಕಿಲ್ಲದ, ತೂಕವುಳ್ಳ ಕೊರಡುಗಳಿಗೆ ವಿಲಾಯತಿ ಬುದ್ಧ್ ಎಂಬ ಅಗ್ರಸ್ಥಾನ. ಅನಂತರ ಚೀನಾ ಬುದ್ಧ್, ಪಂಜಂ ಮೊದಲಾದುವು. ಬೇರುಗಳಿಗೆ ಪ್ರತ್ಯೇಕವಾದ ದರ್ಜೆಗಳು. ಹೀಗೆ ಕ್ರಮವಾಗಿ ಇಳಿಯುತ್ತ ಬಂದರೆ, ಬೇರೆ ಯಾವ ಮರದ ವಿಷಯದಲ್ಲಾದರೂ ಗುಡಿಸಿ ಹೊರಗೆ ಚೆಲ್ಲಿಬಿಡುವಂಥ ವಸ್ತುಗಳೇ ಪಟ್ಟಿಯ ಕಡೆಯಲ್ಲಿ ಕಾಣಬರುತ್ತವೆ: ಕೊರಡನ್ನು ಹತ್ತರಿಯಿಂದ ನಯಗೊಳಿಸುವಾಗ ಬಿದ್ದ ಹತ್ರಿ ಚಿಲ್ತಾ, ಚೇಗೂ ಹೊರಗಿನ ಬಿಳಿಯ ಭಾಗವೂ ಬೆರೆತ ಮಿಲ್ವಾ ಚಿಲ್ತಾ, ಸಣ್ಣ ಚಕ್ಕೆಗಳ ಬಸೋಲಾ ಬುಕ್ನಿ, ಮತ್ತು ಹದಿನೆಂಟನೆಯದಾಗಿ, ಗರಗಸದ ಬಾಯಿಂದ ಉದುರಿದ ಪುಡಿ. ಕಸವೆನಿಸಬಹುದಾಗಿದ್ದ ಪುಡಿಗೆ ಸರ್ಕಾರದ ಪಟ್ಟಿಯಲ್ಲಿ ಸ್ಥಾನವೂ ಹೆಸರೂ ಬೆಲೆಯೂ ದೊರೆತದ್ದು ಈ ನಾಡಿನ ಮರಗೆಲಸದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಈ ವಿಂಗಡಣೆ ನಡೆಯುತ್ತಿದ್ದ ಗಂಧದ ಕೋಠಿಗಳಲ್ಲಿ ನಮ್ಮ ಸೀಮೆಯ ಹುಣಸೂರಿನದೂ ಒಂದು. ಗಂಧದ ಮರವನ್ನು ಬುಡಕ್ಕೆ ಕಡಿಯುವ ಪದ್ಧತಿಯಿರಲಿಲ್ಲ. ಬೇರಿನಲ್ಲಿ ತೈಲಾಂಶ ಹೆಚ್ಚಾದುದರಿಂದ ಬುಡಸಹಿತ ಅಗೆದು ತೆಗೆಯುತ್ತಿದ್ದರು. ಕೋಠಿಗೆ ಬಂದ ಮರದ ಬಿಳಿಯ ಭಾಗವನ್ನು ಬಾಚಿಯಿಂದ ಕೆತ್ತಿ, ಅಳತೆಗೆ ಕೊಯ್ದು, ಹತ್ತರಿ ಹಾಕಿ, ಪ್ರತಿಯೊಂದು ಹಂತದಲ್ಲಿಯೂ ಬಿದ್ದುದನ್ನು ಬೇರೆ ಬೇರೆಯಾಗಿಯೇ ಶೇಖರಿಸುತ್ತಿದ್ದರು. ನೆಲಕ್ಕೆ ಬಿದ್ದಮೇಲೆ ಹೆಕ್ಕುವುದು ಒಂದು ರೀತಿ. ಬೀಳುವ ಮೊದಲೇ ಅದರ ಗತಿಯೇನೆಂದು ನಿಶ್ಚಯಿಸಿಕೊಂಡಿರುವುದು ಇನ್ನೊಂದು ರೀತಿ. ಕೋಠಿಯದು ಎರಡನೆಯ ರೀತಿ.

1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾದೊಡನೆ, ನಮ್ಮ ಗಂಧದ ಬಹುಭಾಗವನ್ನು ಕೊಂಡು ಎಣ್ಣೆ ಇಳಿಸುತ್ತಿದ್ದ ಜರ್ಮನಿಯ ವ್ಯಾಪಾರ ನಿಂತುಹೋಯಿತು. ಕೋಠಿಗಳಲ್ಲಿ ಸರಕು ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ, ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ನರ ಉದ್ಯಮಶೀಲತೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ಪ್ರಯೋಗಗಳು, ಇವೆಲ್ಲವೂ ಕೂಡಿ ಬಂದುದರ ಫಲವಾಗಿ 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದವು. 1918ರ ಮೈಸೂರು ಗಂಧದ ಸಾಬೂನಿನ ಕಥೆ ಎಲ್ಲರಿಗೂ ತಿಳಿದದ್ದೇ. ನಾನಿಲ್ಲಿ ಹೇಳಬೇಕಾದುದು ಎಣ್ಣೆ ಹೋದಮೇಲೆ ಉಳಿದುದರ ವಿಚಾರ. ಚೇಗನ್ನು ಚಕ್ಕೆಮಾಡಿ, ಪುಡಿಮಾಡಿ, ಆವಿಯಲ್ಲಿ ದೀರ್ಘಕಾಲ ಬೇಯಿಸಿದಾಗ ಇಳಿಯುವ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ ನಾಲ್ಕರಿಂದ ಆರು ಪಾಲು. ಮಿಕ್ಕುದೆಲ್ಲ ಕಡಾಯಿಯ ತಳದಲ್ಲಿ ಒದ್ದೆ ಪುಡಿಯಾಗಿಯೇ ಉಳಿಯುತ್ತದೆ. ಅರ್ಥಾತ್, ಪ್ರಪಂಚಕ್ಕೆಲ್ಲ ಸುಗಂಧವನ್ನು ಹಂಚಿದ ಕಾರ್ಖಾನೆಯ ಬಾಗಿಲಿನಿಂದ ಎಣ್ಣೆಗಿಂತ ಹಲವು ಮಡಿ ತೂಕದ ಪುಡಿ ಹೊರಗೆ ಬರಲೇಬೇಕಾಗಿದ್ದಿತು.

ಅದು ಹೋಗಿ ಸೇರಿದ ಮನೆಗಳಲ್ಲಿ ಮೈಸೂರಿನ ಊದುಬತ್ತಿಯವರದು ಮುಖ್ಯವಾದದ್ದು. ಎಣ್ಣೆ ಕಳೆದುಕೊಂಡ ಗಂಧದ ಪುಡಿಯಲ್ಲಿ ಪರಿಮಳ ಪೂರ್ತಿ ಇಲ್ಲವಾಗಿರುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಅದು ನುಣ್ಣಗಿರುತ್ತದೆ, ಸಮನಾಗಿ ಉರಿಯುತ್ತದೆ, ಮೇಲೆ ಸೇರಿಸಿದ ಸುಗಂಧವನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಇದ್ದಿಲಪುಡಿ, ಗುಲ್ಮಾವಿನ ತೊಗಟೆಯಿಂದ ಮಾಡಿದ ಜಿಗಟು, ಮರದ ಪುಡಿ, ಇವನ್ನು ನೀರಿನಲ್ಲಿ ಕಲಸಿ ಹದವಾದ ಹಿಟ್ಟಾಗಿ ನಾದಿ, ಮಣೆಯ ಮೇಲೆ ಬಿದಿರುಕಡ್ಡಿಯನ್ನಿಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ಹೊಸೆದರೆ ಬತ್ತಿ ಸಿದ್ಧ. ಮೈಸೂರಿನ ಸಹಸ್ರಾರು ಗೃಹಿಣಿಯರು ಮನೆಗೆಲಸದ ನಡುವೆ ಈ ಕೆಲಸದಿಂದ ನಾಲ್ಕು ಕಾಸು ಕಂಡವರು. 2005ರಲ್ಲಿ ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಾಗ ಗೌರವ ಸಂದದ್ದು ಆ ಅಂಗೈಗಳಿಗೂ ಹೌದು, ಈ ಪುಡಿಗೂ ಹೌದು.

ತೇಗ, ಬೀಟೆ, ಹೊನ್ನೆ, ಮತ್ತಿಗಳ ಹೊಟ್ಟಿಗೆ ಇಂತಹ ಭಾಗ್ಯ ಲಭಿಸಲಿಲ್ಲ. ಕಾಕನಕೋಟೆ, ನಾಗರಹೊಳೆಗಳ ಕಾಡಿನ ಮರಗಳು ಹುಣಸೂರಿಗೆ ಬರುತ್ತಿದ್ದವು. ಬ್ರಿಟಿಷರ ಸೈನ್ಯಕ್ಕೆ ಬಂಡಿಗಳನ್ನು ಮಾಡಿಕೊಟ್ಟ ಊರು ಅದು. ಆದರೆ ಅಲ್ಲಿಯ ಹೊಟ್ಟಿಗೆ ದರ್ಜೆ ಕಟ್ಟಿದ ಅಧಿಕಾರಿಯಿರಲಿಲ್ಲ. ಅದಕ್ಕೆ ಉಪಯೋಗಗಳನ್ನು ಹುಡುಕಿದವರು ಸಾಮಾನ್ಯ ಜನರೇ. ಬಡಗಿಯು ತಾನು ಕೊಯ್ದ ಮರದ ಪುಡಿಯನ್ನೇ ಅಂಟಿನಲ್ಲಿ ಕಲಸಿ ಅದೇ ಮರದ ಬಿರುಕನ್ನು ತುಂಬಿದನು. ಮಂಜುಗಡ್ಡೆಯ ವ್ಯಾಪಾರಿ ಹೊಟ್ಟಿನೊಳಗೆ ಗಡ್ಡೆಯನ್ನು ಹುದುಗಿಸಿ ಕರಗದಂತೆ ಕಾದನು. (1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಮಂಜುಗಡ್ಡೆಯನ್ನು ಹಡಗಿನಲ್ಲಿ ನಾಲ್ಕು ತಿಂಗಳು ಸಾಗಿಸಿ ಕಲ್ಕತ್ತೆಗೆ ಮುಟ್ಟಿಸಿದ. ಅವನ ವ್ಯಾಪಾರ ಬಹುಮಟ್ಟಿಗೆ ಅವಲಂಬಿಸಿದ್ದು ಇದೇ ಹೊಟ್ಟಿನ ಗುಣವನ್ನು.)

ಇವೆಲ್ಲಕ್ಕಿಂತ ಕೃಷ್ಣರಾಜನಗರ ಸೀಮೆಯ ನಮ್ಮ ಭೇರ್ಯದ ಕಡೆಯ ಮನೆಗಳಿಗೆ ಸಮೀಪವಾದದ್ದು ಹೊಟ್ಟಿನ ಒಲೆ. ತಗಡಿನ ಡಬ್ಬ, ಅದರ ಬುಡದ ಪಕ್ಕದಲ್ಲಿ ಒಂದು ತೂತು. ನಡುವೆ ಒಂದು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ತೂತಿನಿಂದ ಅದರ ಬುಡಕ್ಕೆ ತಾಗುವಂತೆ ಒಂದು ಕೋಲನ್ನು ತೂರಿಸಿ, ಸುತ್ತಲೂ ಹೊಟ್ಟನ್ನು ಸ್ವಲ್ಪಸ್ವಲ್ಪವಾಗಿ ಸುರಿದು ಗಟ್ಟಿಯಾಗಿ ದಮ್ಮಸ್ಸು ಮಾಡಬೇಕು. ಡಬ್ಬ ತುಂಬಿದಮೇಲೆ ಮೊದಲು ಕೋಲನ್ನು ಎಳೆದು, ಆಮೇಲೆ ಬಾಟಲಿಯನ್ನು ತಿರುಗಿಸುತ್ತ ತಿರುಗಿಸುತ್ತ ಮೇಲಕ್ಕೆ ತೆಗೆಯಬೇಕು. ಕೈ ಅಲುಗಿದರೆ ಗೋಡೆ ಕುಸಿದು ಮಾಡಿದ್ದೆಲ್ಲ ವ್ಯರ್ಥ. ಕೆಳಗಿನ ತೂತಿನಲ್ಲಿ ಉರಿ ಇಟ್ಟರೆ ಗಾಳಿ ಅಲ್ಲಿಂದ ಒಳಹೊಕ್ಕು ನಡುವಿನ ಕೊಳವೆಯಲ್ಲಿ ಮೇಲೇರುತ್ತದೆ, ಹೊಟ್ಟು ಒಳಗಿನಿಂದ ಹೊರಕ್ಕೆ ಪದರಪದರವಾಗಿ ಬೇಯುತ್ತ ಗಂಟೆಗಟ್ಟಲೆ ಒಂದೇ ಸಮನಾದ ಶಾಖವನ್ನು ಕೊಡುತ್ತದೆ. ಸೌದೆಯನ್ನು ಮುಂದೂಡುವ, ಊದುಗೊಳವೆ ಹಿಡಿಯುವ ಶ್ರಮವಿಲ್ಲ. ಹೊಟ್ಟು ಒಣಗಿರಬೇಕು, ಹಸಿಯಾದರೆ ಹೊಗೆ ಮನೆಯನ್ನೇ ತುಂಬುತ್ತದೆ. ಹಂಡೆಯ ನೀರು ಕಾಯಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಒಲೆಯನ್ನು ನಾನು ಕಾಣೆ. ಇದನ್ನು ಕಲ್ಪಿಸಿದವರ ಹೆಸರು ಯಾವ ಫಲಕದ ಮೇಲೆಯೂ ಇಲ್ಲ. ಗ್ಯಾಸಿನ ಒಲೆ ಬಂದಮೇಲೆ ಡಬ್ಬಗಳು ಅಟ್ಟ ಸೇರಿದುದು ಸಹಜವಾದರೂ, ಅವುಗಳ ಜೊತೆಗೆ ಹೊಟ್ಟನ್ನು ಬಡಿದು ಕೂರಿಸುವ ಹದವೂ ಮರೆಯಾಗುತ್ತಿರುವುದು ನಿಜವಾದ ನಷ್ಟ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಕಡೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳು ಸೌದೆಯನ್ನು ನುಂಗುವ ಬಗೆಯನ್ನು ಬಲ್ಲವರಿಗೆ, ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ ಉರುವಲು ಕಟ್ಟಿಗೆಯ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಒತ್ತಡಕ್ಕೂ ಶಾಖಕ್ಕೂ ಸಿಕ್ಕಿದಾಗ ಮರದಲ್ಲಿಯೇ ಇರುವ ಲಿಗ್ನಿನ್ ಮೆತ್ತಗಾಗಿ ಪುಡಿಯನ್ನು ತಾನೇ ಬೆಸೆಯುತ್ತದೆ. ಬೇರೆ ಅಂಟು ಬೇಡ. ಹಾಗೆಯೇ ಕೋಳಿಮನೆಗಳಲ್ಲಿ ಹತ್ತರಿಯ ಸುರುಳಿಗಳನ್ನು ನೆಲಕ್ಕೆ ಹಾಸುವುದು ವಾಡಿಕೆಯಾಗಿದ್ದು, ಹಿಕ್ಕೆಯೊಡನೆ ಬೆರೆತು ಕೊಳೆತಮೇಲೆ ಅದು ಒಳ್ಳೆಯ ಗೊಬ್ಬರವಾಗುತ್ತದೆ. ಕೊಳೆಯದ ಹೊಟ್ಟನ್ನೇ ಹೊಲಕ್ಕೆ ಬೆರೆಸುವವರು ಮಾತ್ರ ಎಚ್ಚರವಾಗಿರಬೇಕು: ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳು ತಮ್ಮ ಪಾಲಿಗೆ ಎಳೆದುಕೊಳ್ಳುವುದರಿಂದ ಪೈರು ಹಳದಿಗೆ ತಿರುಗುತ್ತದೆ.

ಈಗಿನ ಮಿಲ್ಲುಗಳಲ್ಲಿಯೂ ಬಡಗಿಗಳ ಅಂಗಡಿಗಳಲ್ಲಿಯೂ ಎಲ್ಲ ಪುಡಿಯೂ ಒಂದೇ ರಾಶಿಯಾಗಿ ಬೀಳುತ್ತಿರುವುದು ಚಿಂತೆಗೆ ಕಾರಣ. ಪ್ಲೈವುಡ್ ಮತ್ತು ಪುಡಿಯನ್ನು ಒತ್ತಿ ಮಾಡಿದ ಹಲಗೆಗಳಲ್ಲಿ ರಾಸಾಯನಿಕ ಅಂಟು ಇರುವುದರಿಂದ ಅವುಗಳ ಪುಡಿ ಅಡಿಗೆಯ ಒಲೆಗೂ ಸಲ್ಲದು, ಕೋಳಿಮನೆಗೂ ಗೊಬ್ಬರದ ಗುಂಡಿಗೂ ಸಲ್ಲದು. ಅದನ್ನು ಬೆರೆಸಿದ ಕೂಡಲೆ ಒಳ್ಳೆಯ ತೇಗದ ಹೊಟ್ಟೂ ನಿರುಪಯೋಗಿಯಾಗುತ್ತದೆ. ಗರಗಸದ ಕೆಳಗೆ ಎರಡು ಗೋಣಿಚೀಲಗಳನ್ನಿಟ್ಟು, ಒಂದರ ಮೇಲೆ ಮರ ಎಂದೂ ಇನ್ನೊಂದರ ಮೇಲೆ ಪ್ಲೈ ಎಂದೂ ಬರೆಯುವುದಕ್ಕೆ ಇಲಾಖೆಯ ಅಪ್ಪಣೆ ಬೇಕಾಗಿಲ್ಲ. ಹದಿನೆಂಟು ದರ್ಜೆಗಳೂ ಬೇಕಾಗಿಲ್ಲ, ಎರಡಾದರೆ ಸಾಕು.