ಕಲ್ಲುದಾರಿಗೆ ತಕ್ಕ ಬೈಸಿಕಲ್ಲು

ಮನುಷ್ಯನು ತನ್ನ ಮೈಬಲವೊಂದನ್ನೇ ನಂಬಿ ನಡೆಸುವ ವಾಹನಗಳಲ್ಲಿ ಬೈಸಿಕಲ್ಲಿನಷ್ಟು ಮಿತವ್ಯಯಿಯಾದುದು ಬೇರೊಂದಿಲ್ಲ. ನಡೆಯುವುದಕ್ಕೆ ತಗಲುವಷ್ಟೇ ಶ್ರಮದಿಂದ ಅದರ ಮೇಲೆ ಕುಳಿತವನು ಹಲವು ಪಟ್ಟು ದೂರ ಹೋಗಬಲ್ಲ. ಆದರೆ ಈ ಮಾತು ನುಣುಪಾದ ರಸ್ತೆಗೆ ಮಾತ್ರ ಸಲ್ಲುತ್ತದೆ. ಡಾಂಬರು ಮುಗಿದು ಕಲ್ಲುದಾರಿ ಮೊದಲಾಯಿತೆಂದರೆ, ಮುಂದಕ್ಕೆ ಸಾಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಸವಾರನ ಮೈಯನ್ನು ಮೇಲಕ್ಕೂ ಕೆಳಕ್ಕೂ ಕುಲುಕುವುದರಲ್ಲಿಯೇ ವ್ಯಯವಾಗಿಹೋಗುತ್ತದೆ. ಈ ನಷ್ಟವನ್ನು ತಗ್ಗಿಸಲೆಂದು ಹುಟ್ಟಿದುದೇ ಮುಂದಿನ ಮತ್ತು ಹಿಂದಿನ ಗಾಲಿಗಳೆರಡಕ್ಕೂ ಸ್ಪ್ರಿಂಗುಳ್ಳ ಗುಡ್ಡಗಾಡಿನ ಸೈಕಲ್ಲು. ಇದಕ್ಕೆ ಮಾರಾಟಗಾರರು ‘ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್’ ಎನ್ನುತ್ತಾರೆ.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಇಂಥ ಸೈಕಲ್ಲನ್ನು ಕೊಳ್ಳಬೇಕೆಂದು ಹಂಬಲಿಸುವುದುಂಟು. ಅದಕ್ಕೆ ಹಣ ಕೊಡಬೇಕಾದವರು ಮನೆಯ ಹಿರಿಯರು, ಬೆಲೆಯೋ ಸಣ್ಣದಲ್ಲ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಜಾಹೀರಾತುಗಳಿಗಿಂತ ಪಿ.ಯು. ತರಗತಿಯ ಭೌತಶಾಸ್ತ್ರವೇ ಉತ್ತಮವಾದ ಉತ್ತರವನ್ನು ಕೊಡಬಲ್ಲದು. ಅದು ಹೇಗೆಂಬುದನ್ನು ಈಗ ನೋಡೋಣ.

ಮೊದಲು ನೆಲ, ಆಮೇಲೆ ಸೈಕಲ್ಲು

ಹುಮನಾಬಾದ್ ಪಟ್ಟಣವು ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಹೆದ್ದಾರಿಯನ್ನು ಬಿಟ್ಟು ಜಲಸಂಗ್ವಿಯ ಚಾಲುಕ್ಯ ದೇವಾಲಯದ ಕಡೆಗೋ, ಕಾರಂಜಾ ಜಲಾಶಯದ ಅಂಚಿಗೋ, ಬಸವಕಲ್ಯಾಣದ ಕೋಟೆಯ ಕಡೆಗೋ ಹೊಲದ ದಾರಿಗಳನ್ನು ಹಿಡಿದು ಹೊರಟರೆ ಒಂದು ಹಗಲಿನ ಸವಾರಿಗೆ ಬೇಕಾದಷ್ಟು ದೂರ ದೊರೆಯುತ್ತದೆ. ಇದು ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರಿಗೂ ಎತ್ತರದಲ್ಲಿರುವ ದಖ್ಖಣದ ಪ್ರಸ್ಥಭೂಮಿ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಇಲ್ಲಿ ಕಪ್ಪು ಬಸಾಲ್ಟ್ ಶಿಲೆಯಾಗಿ ಹರಡಿದೆ. ಎತ್ತರದ ಬಯಲುಗಳಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ತಗ್ಗುಗಳಲ್ಲಿ ಎರೆಮಣ್ಣು ತುಂಬಿದೆ.

ಹೀಗಾಗಿ ಸವಾರನಿಗೆ ಮೂರು ಬಗೆಯ ನೆಲ ಎದುರಾಗುತ್ತದೆ. ಜಂಬಿಟ್ಟಿಗೆಯ ಬಯಲಿನಲ್ಲಿ ಗಟ್ಟಿನೆಲದ ಮೇಲೆ ಚೆಲ್ಲಿದಂತಿರುವ ಮೊರಂ ಹರಳುಗಳು. ಹಳ್ಳ ದಾಟುವಲ್ಲಿ ಮುಷ್ಟಿಗಾತ್ರದಿಂದ ತಲೆಗಾತ್ರದವರೆಗಿನ ಕರಿಕಲ್ಲುಗಳು. ಎರೆಹೊಲದ ಬಂಡಿದಾರಿಯಲ್ಲಿ ಮಳೆಗಾಲದ ಗಾಲಿಗುರುತು ಒಣಗಿ ಕಲ್ಲಾದ ಜಾಡುಗಳು, ಬೇಸಗೆಯಲ್ಲಿ ಬಾಯ್ಬಿಡುವ ಬಿರುಕುಗಳು. ಆದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯಂತೆ ೧,೯೦೦ ಮೀಟರಿಗೆ ಮಿಕ್ಕ ಶಿಖರವಾಗಲಿ, ಗಂಟೆಗಟ್ಟಲೆ ಇಳಿಯುವ ಕಡಿದಾದ ಇಳುಕಲಾಗಲಿ ಇಲ್ಲಿಲ್ಲ. ಇಲ್ಲಿ ಸವಾರನು ಇಳಿಯುವುದಕ್ಕಿಂತ ಬಹಳ ಹೆಚ್ಚು ಹೊತ್ತು ತುಳಿಯುತ್ತಾನೆ. ನಮ್ಮ ಆಯ್ಕೆಯನ್ನೆಲ್ಲ ನಿರ್ಧರಿಸುವ ಮುಖ್ಯ ಸಂಗತಿ ಇದೇ.

ಗ್ರೀಸು ಆವಿಯಾದ ಕತೆ

ಕಲ್ಲುದಾರಿಯ ಸೈಕಲ್ಲು ಹುಟ್ಟಿದುದು ಮಾತ್ರ ಇಳುಕಲಿನಲ್ಲಿಯೇ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟೈರುಗಳ ಹಳೆಯ ಸೈಕಲ್ಲುಗಳನ್ನು ಏರಿ ಗುಡ್ಡದ ಮಣ್ಣುದಾರಿಯಲ್ಲಿ ಕೆಳಗೆ ಧಾವಿಸುವ ಪಂದ್ಯವನ್ನು ೧೯೭೬ರ ಅಕ್ಟೋಬರಿನಲ್ಲಿ ಮೊದಲು ಮಾಡಿದರು. ಆ ದಾರಿ ಮೂರು ಕಿಲೋಮೀಟರಿನ ಆಸುಪಾಸಿನಲ್ಲಿ ಸುಮಾರು ೪೦೦ ಮೀಟರು ಇಳಿಯುತ್ತದೆ. ಸೈಕಲ್ಲೂ ಸವಾರನೂ ಸೇರಿ ೯೦ ಕಿಲೋಗ್ರಾಂ ಎಂದಿಟ್ಟುಕೊಂಡರೆ ಇಳಿಯುವಾಗ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಮೂರೂವರೆ ಲಕ್ಷ ಜೂಲ್. ಇದರ ಬಹುಭಾಗ ಹಿಂಗಾಲಿಯ ಗುಂಬದೊಳಗಿನ ಬ್ರೇಕಿನಲ್ಲಿ ಶಾಖವಾಗಿ, ಅಲ್ಲಿದ್ದ ಗ್ರೀಸು ಆವಿಯಾಗಿ ಹೋಗುತ್ತಿತ್ತು. ಪ್ರತಿ ಓಟದ ಬಳಿಕ ಅದನ್ನು ಮರಳಿ ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ದಾರಿಗೆ ‘ಮರಳಿ ತುಂಬು’ ಎಂಬರ್ಥದ ‘ರಿಪ್ಯಾಕ್’ ಎಂಬ ಹೆಸರು ಬಂದಿತು. ಮರುವರ್ಷವೇ ಜೋ ಬ್ರೀಜ್ ಎಂಬಾತ ಇಂಥ ದಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದ. ಇಪ್ಪತ್ತು ವರ್ಷ ತುಂಬುವುದರೊಳಗೆ, ೧೯೯೬ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಈ ಕ್ರೀಡೆಗೆ ಸ್ಥಾನ ದೊರೆಯಿತು.

ಸ್ಪ್ರಿಂಗು ಸಾಲ ಕೊಡುತ್ತದೆ, ಎಣ್ಣೆ ತೀರಿಸುತ್ತದೆ

ಗಾಲಿಯು ಒಂದು ಕಲ್ಲನ್ನು ಏರಿದಾಗ ಸ್ಪ್ರಿಂಗು ಕುಗ್ಗುತ್ತದೆ. ಗಾಲಿ ಮಾತ್ರ ಮೇಲಕ್ಕೆ ಸರಿದು, ಅದಕ್ಕಿಂತ ಬಹಳ ಭಾರವಾದ ಸವಾರನ ಮೈ ತನ್ನ ಜಡತ್ವದಿಂದ ಹೆಚ್ಚು ಕಡಿಮೆ ಮೊದಲಿನ ಎತ್ತರದಲ್ಲಿಯೇ ಉಳಿಯುತ್ತದೆ. ಆದರೆ ಕುಗ್ಗಿದ ಸ್ಪ್ರಿಂಗು ತಾನು ಪಡೆದ ಶಕ್ತಿಯನ್ನು ಇಟ್ಟುಕೊಳ್ಳುವುದಿಲ್ಲ. ಹಿಗ್ಗಿ ಅದನ್ನು ಹಿಂದಿರುಗಿಸುತ್ತದೆ. ಸ್ಪ್ರಿಂಗು ಒಂಟಿಯಾಗಿದ್ದರೆ ಸವಾರನು ಒಂದು ಕಲ್ಲು ದಾಟಿದ ಮೇಲೂ ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತಾನೆ. ಈ ಆಂದೋಲನವನ್ನು ಕುಗ್ಗಿಸಲು ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆಯನ್ನಿಟ್ಟು, ಸಣ್ಣ ರಂಧ್ರಗಳ ಮೂಲಕ ಅದು ನುಸುಳುವಂತೆ ಮಾಡಿರುತ್ತಾರೆ. ಎಣ್ಣೆಯ ಸ್ನಿಗ್ಧತೆಯಿಂದ ಆಂದೋಲನದ ಶಕ್ತಿ ಶಾಖವಾಗುತ್ತದೆ. ಇದಕ್ಕೆ ಅವಮಂದನವೆಂದು ಹೆಸರು.

ಈಗ ಒಂದು ಸ್ವಾರಸ್ಯದ ಲೆಕ್ಕವನ್ನು ನೋಡೋಣ. ಸವಾರನು ಸುಮ್ಮನೆ ಸೀಟಿನ ಮೇಲೆ ಕುಳಿತಾಗಲೇ ಸ್ಪ್ರಿಂಗು ಸ್ವಲ್ಪ ಕುಸಿಯುತ್ತದೆ. ಗಾಲಿ ಸರಿಯಬಲ್ಲ ಪೂರ್ಣ ದೂರದಲ್ಲಿ, ಎಂದರೆ ‘ಟ್ರಾವೆಲ್’ನಲ್ಲಿ, ಈ ಕುಸಿತವು ಶೇಕಡ ೩೦ರ ಸುಮಾರಿಗೆ ಇರಬೇಕೆಂಬುದು ರೂಢಿ. ೧೩೦ ಮಿಲಿಮೀಟರು ಟ್ರಾವೆಲ್ ಉಳ್ಳ ಸೈಕಲ್ಲಿನಲ್ಲಿ ಅದು ೩೯ ಮಿಲಿಮೀಟರು. ಸ್ಪ್ರಿಂಗಿಗೆ ತೂಗಿಬಿಟ್ಟ ಭಾರದ ಸಹಜ ಆವೃತ್ತಿಯನ್ನು ಕುಸಿತವೊಂದರಿಂದಲೇ ಕಂಡುಹಿಡಿಯಬಹುದೆಂದು ನಮ್ಮ ವಾಚಕರು ಪ್ರಯೋಗಶಾಲೆಯಲ್ಲಿ ಕಲಿತಿರುತ್ತಾರೆ: ಗುರುತ್ವದ ವೇಗೋತ್ಕರ್ಷವನ್ನು ಕುಸಿತದಿಂದ ಭಾಗಿಸಿ, ವರ್ಗಮೂಲವನ್ನು ತೆಗೆದು, ೨π ಇಂದ ಭಾಗಿಸಿದರಾಯಿತು. ೯.೮ನ್ನು ೦.೦೩೯ರಿಂದ ಭಾಗಿಸಿ ಹೀಗೆ ಮಾಡಿದರೆ ಬರುವ ಉತ್ತರ ಸೆಕೆಂಡಿಗೆ ೨.೫ ಆಂದೋಲನ. ಗಾಳಿ ತುಂಬಿದ ಸ್ಪ್ರಿಂಗಿಗೆ ಈ ಲೆಕ್ಕ ಸ್ಥೂಲವಾದುದೇ ಆದರೂ ನಮ್ಮ ಉದ್ದೇಶಕ್ಕೆ ಸಾಕು.

ಇನ್ನು ತುಳಿತವನ್ನು ನೋಡಿ. ಸಾಮಾನ್ಯ ಸವಾರನು ನಿಮಿಷಕ್ಕೆ ೭೫ ಸುತ್ತು ಪೆಡಲು ತಿರುಗಿಸುತ್ತಾನೆ ಎನ್ನೋಣ. ಪ್ರತಿ ಸುತ್ತಿಗೆ ಎಡಗಾಲಿನದೊಂದು, ಬಲಗಾಲಿನದೊಂದು, ಹೀಗೆ ಎರಡು ತಳ್ಳು. ಅಂದರೆ ನಿಮಿಷಕ್ಕೆ ೧೫೦, ಸೆಕೆಂಡಿಗೆ ೨.೫! ಸ್ಪ್ರಿಂಗಿನ ಸಹಜ ಆವೃತ್ತಿಯೂ ತುಳಿತದ ಆವೃತ್ತಿಯೂ ಒಂದೇ ಆಗಿಬಿಟ್ಟಿತು. ಉಯ್ಯಾಲೆಯನ್ನು ಹೊತ್ತರಿತು ತಳ್ಳಿದಾಗ ಅದು ಏರುತ್ತ ಹೋಗುವುದನ್ನು ಎಲ್ಲರೂ ಬಲ್ಲರು. ಅದೇ ಅನುರಣನೆ ಇಲ್ಲಿಯೂ ನಡೆದು, ಸೈಕಲ್ಲು ಪ್ರತಿ ತುಳಿತಕ್ಕೂ ಕುಣಿಯತೊಡಗುತ್ತದೆ. ಆ ಕುಣಿತದ ಶಕ್ತಿಯೆಲ್ಲ ಸವಾರನ ಕಾಲುಗಳಿಂದಲೇ ಬರಬೇಕು. ಅರ್ಧ ಗಂಟೆಯ ಸವಾರಿಯಲ್ಲಿ ಇದು ಗೊತ್ತಾಗದಿರಬಹುದು. ಬೆಳಗಿನಿಂದ ಸಂಜೆಯವರೆಗೆ ತುಳಿಯುವವನಿಗೆ ಇದು ಹಗಲುದರೋಡೆಯೇ ಸರಿ.

ಹಾಗಾದರೆ ಅವಮಂದನವನ್ನು ಬಲಪಡಿಸಿದರೆ ಸಾಲದೆ? ಇಲ್ಲಿಯೇ ತೊಡಕು ಇರುವುದು. ಸೆಕೆಂಡಿಗೆ ೫ ಮೀಟರು ವೇಗದಲ್ಲಿ ಹೋಗುತ್ತಿರುವ ಸೈಕಲ್ಲಿಗೆ ಅರ್ಧ ಮೀಟರಿಗೊಂದು ಕಲ್ಲು ಸಿಕ್ಕಿದರೆ ಸೆಕೆಂಡಿಗೆ ೧೦ ಕುಲುಕುಗಳಾಗುತ್ತವೆ. ಇದು ಸಹಜ ಆವೃತ್ತಿಯ ನಾಲ್ಕರಷ್ಟು. ಅವಮಂದನವೇ ಇಲ್ಲದ ಆದರ್ಶ ಸ್ಪ್ರಿಂಗು ಇಂಥ ಕುಲುಕಿನ ಹದಿನೈದರಲ್ಲಿ ಒಂದು ಪಾಲನ್ನು ಮಾತ್ರ ಸವಾರನಿಗೆ ಮುಟ್ಟಿಸುತ್ತದೆ. ಸಾಧಾರಣ ಅವಮಂದನವಿದ್ದರೆ ಆರರಲ್ಲಿ ಒಂದು ಪಾಲಿನಷ್ಟು ಮುಟ್ಟುತ್ತದೆ. ಅವಮಂದನ ಇನ್ನೂ ಹೆಚ್ಚಾದರೆ ಇನ್ನೂ ಹೆಚ್ಚು. ತುಳಿತದ ಕುಣಿತವನ್ನು ಅಡಗಿಸುವ ಎಣ್ಣೆಯೇ ಕಲ್ಲಿನ ಪೆಟ್ಟನ್ನು ಮೈಗೆ ಸಾಗಿಸುವ ದೂತನೂ ಆಗುತ್ತದೆ. ಒಳ್ಳೆಯ ಸೈಕಲ್ಲಿಗೂ ಸಾಧಾರಣ ಸೈಕಲ್ಲಿಗೂ ಇರುವ ಅಂತರವೆಲ್ಲ ಈ ಇಬ್ಬಂದಿಯನ್ನು ಬಿಡಿಸುವ ಚಾತುರ್ಯದಲ್ಲಿದೆ.

ಅದಕ್ಕೆ ಇಂಜಿನಿಯರುಗಳು ಮೂರು ಉಪಾಯಗಳನ್ನು ಕಂಡುಕೊಂಡಿದ್ದಾರೆ. ನಿಧಾನದ ಚಲನೆಯನ್ನು ತಡೆದು, ತಟ್ಟನೆ ಬಂದ ಪೆಟ್ಟಿಗೆ ದಾರಿಬಿಡುವ ಕವಾಟಗಳನ್ನು ಶಾಕ್ ಅಬ್ಸಾರ್ಬರಿನಲ್ಲಿ ಇಡುವುದು ಮೊದಲನೆಯದು. ಹಿಂಗಾಲಿಯ ತೋಳಿನ ಕೀಲುಗಳನ್ನು, ತುಳಿದಾಗ ಚೈನಿನ ಸೆಳೆತವೇ ಸ್ಪ್ರಿಂಗಿನ ಕುಸಿತವನ್ನು ಎದುರಿಸುವಂಥ ಜಾಗದಲ್ಲಿ ಕೂಡಿಸುವುದು ಎರಡನೆಯದು. ನುಣುಪಾದ ದಾರಿ ಬಂದಾಗ ಶಾಕ್ ಅಬ್ಸಾರ್ಬರನ್ನು ಬಿಗಿಗೊಳಿಸಲು ಒಂದು ಲಿವರನ್ನು ಒದಗಿಸುವುದು ಮೂರನೆಯದು. ಇಡೀ ದಿನ ತುಳಿಯುವವನು ಕೊಳ್ಳುವ ಮುನ್ನ ಈ ಮೂರನ್ನು ವಿಚಾರಿಸಬೇಕು. ಟ್ರಾವೆಲ್ ಎಷ್ಟೆಂಬುದು ಆಮೇಲಿನ ಮಾತು.

ಟೈರಿನ ಪಾಲು

೧೮೮೮ರಲ್ಲಿ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ರೂಪಿಸಿದ ಗಾಳಿಯ ಟೈರು ಇಂದಿಗೂ ಸೈಕಲ್ಲಿನ ಮೊದಲ ಸ್ಪ್ರಿಂಗು. ಅದರ ಪ್ರಭಾವವನ್ನು ಲೆಕ್ಕಹಾಕಿ ನೋಡೋಣ. ಸವಾರ, ಸೈಕಲ್ಲು, ನೀರು, ಹತ್ಯಾರುಗಳೆಲ್ಲ ಸೇರಿ ೭೮ ಕಿಲೋಗ್ರಾಂ ಎನ್ನಿ. ಹೊಲದ ದಾರಿಗಳಲ್ಲಿ ೬೦ ಕಿಲೋಮೀಟರಿನ ಸವಾರಿ, ಅದರಲ್ಲಿ ಒಟ್ಟು ೫೦೦ ಮೀಟರು ಏರು ಎಂದು ಭಾವಿಸಿ. ಏರುವುದಕ್ಕೆ ಬೇಕಾದ ಶಕ್ತಿ ಸುಮಾರು ೩.೮ ಲಕ್ಷ ಜೂಲ್. ಉರುಳು ಘರ್ಷಣೆಯ ಗುಣಾಂಕವನ್ನು ೦.೦೨ ಎಂದು ಹಿಡಿದರೆ, ಅದನ್ನು ಗೆಲ್ಲಲು ಸುಮಾರು ೯.೨ ಲಕ್ಷ ಜೂಲ್ ಬೇಕು. ಟೈರು ನೆಲಕ್ಕೆ ಒಗ್ಗದೆ ಈ ಗುಣಾಂಕ ೦.೦೩ಕ್ಕೆ ಏರಿತೆನ್ನಿ, ಆಗ ಹೆಚ್ಚುವರಿಯಾಗಿ ತೆರಬೇಕಾದುದು ೪.೬ ಲಕ್ಷ ಜೂಲ್. ದಿನವಿಡೀ ಹತ್ತಿದ ದಿಬ್ಬಗಳಿಗಿಂತ ಇದೇ ಹೆಚ್ಚಾಯಿತು! ಸೈಕಲ್ಲು ೪ ಕಿಲೋಗ್ರಾಂ ಹೆಚ್ಚು ತೂಗಿದರೆ ಆಗುವ ನಷ್ಟವಾದರೋ ಒಟ್ಟಿನಲ್ಲಿ ಶೇಕಡ ೫ರಷ್ಟು ಮಾತ್ರ. ಗ್ರಾಮುಗಳನ್ನು ಎಣಿಸಿ ಸಾವಿರಾರು ರೂಪಾಯಿ ಸುರಿಯುವವರು ಇದನ್ನು ಗಮನಿಸಬೇಕು.

ಕಲ್ಲುನೆಲದಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬಿದಷ್ಟೂ ಸೈಕಲ್ಲು ಹಗುರವಾಗಿ ಓಡುತ್ತದೆಂಬ ನಂಬಿಕೆ ಸರಿಯಲ್ಲ. ಬಿಗಿಯಾದ ಟೈರು ಪ್ರತಿ ಹರಳನ್ನೂ ಹತ್ತಿ ಇಳಿದು, ಸೈಕಲ್ಲನ್ನೆಲ್ಲ ಎತ್ತಿ ಹಾಕುತ್ತದೆ. ಮೆತ್ತನೆಯ ಅಗಲವಾದ ಟೈರು ಹರಳನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಹೋಗುತ್ತದೆ. ಮೊರಂ ದಾರಿಗೆ ಎರಡೂಕಾಲು ಅಂಗುಲಕ್ಕೆ ಕಡಮೆಯಿಲ್ಲದ ಅಗಲವೂ, ಚದರಂಗುಲಕ್ಕೆ ೨೦ರಿಂದ ೨೮ ಪೌಂಡಿನವರೆಗಿನ ಒತ್ತಡವೂ ಹೊಂದುತ್ತವೆ. ಸವಾರ ಭಾರವಾದಷ್ಟೂ ಒತ್ತಡ ಹೆಚ್ಚಿರಬೇಕು. ಕರಿಜಾಲಿ, ಬಳ್ಳಾರಿ ಜಾಲಿಗಳ ಮುಳ್ಳು ದಾರಿಯುದ್ದಕ್ಕೂ ಬಿದ್ದಿರುವ ನಾಡಿನಲ್ಲಿ ಟ್ಯೂಬಿಲ್ಲದೆ, ರಂಧ್ರ ಬಿದ್ದೊಡನೆ ತಾನೇ ಮುಚ್ಚಿಕೊಳ್ಳುವ ದ್ರವವನ್ನು ತುಂಬಿದ ಟೈರು ದೊಡ್ಡ ವರ.

ಆರಿಸುವುದು ಹೇಗೆ?

ಬಳಕೆಗೆ ತಕ್ಕಂತೆ ಈ ಸೈಕಲ್ಲುಗಳ ಟ್ರಾವೆಲ್ ೧೦೦ ಮಿಲಿಮೀಟರಿನಿಂದ ೨೦೦ ಮಿಲಿಮೀಟರಿನವರೆಗೂ ಇರುತ್ತದೆ. ಕಡಿದಾದ ಇಳುಕಲಿಗೆಂದು ಮಾಡಿದ ೧೭೦ ಮಿಲಿಮೀಟರಿನ ಸೈಕಲ್ಲು ಹುಮನಾಬಾದಿನ ಬಯಲಿನಲ್ಲಿ ಹೊರೆಯೇ ಹೊರತು ನೆರವಲ್ಲ. ೧೨೦ರಿಂದ ೧೩೦ ಇಲ್ಲಿಗೆ ಯಥೇಷ್ಟ. ಎರೆಹೊಲದ ಬಿರುಕುಗಳನ್ನೂ ಕಲ್ಲುಗಳನ್ನೂ ದಾಟಲು ೨೯ ಅಂಗುಲದ ಗಾಲಿ ಅನುಕೂಲ. ಚೌಕಟ್ಟಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟಾದರೂ ಎಡೆಯಿರಬೇಕು. ಆದರೂ ಎರೆಮಣ್ಣು ನೆನೆದು ಉಬ್ಬಿ ಗಾಲಿಗೆ ಮೆತ್ತಿಕೊಂಡಿತೆಂದರೆ ಯಾವ ಸೈಕಲ್ಲೂ ಓಡದು. ಮಳೆಯ ಮರುದಿನ ಮನೆಯಲ್ಲಿರುವುದೇ ಲೇಸು. ಮುಂದೆ ೩೨, ಹಿಂದೆ ೫೧ ಹಲ್ಲುಗಳ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸಾಗುವುದು ಒಂದೂವರೆ ಮೀಟರಿಗೂ ಕಡಮೆ. ದಣಿದ ಕಾಲು ಸಂಜೆಯ ಕೊನೆಯ ದಿಬ್ಬವನ್ನು ಏರಲು ಇಂಥ ಗೇರು ಬೇಕು. ಬ್ರೇಕು ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕಾಗಿರಲಿ: ಎಂಟು ಗಂಟೆ ಹ್ಯಾಂಡಲು ಹಿಡಿದ ಕೈಯಲ್ಲಿ ಬಲ ಉಳಿದಿರುವುದಿಲ್ಲ, ಬೀಳುವುದು ಹೆಚ್ಚಾಗಿ ಆಗಲೇ.

ಎಲ್ಲಕ್ಕೂ ಮಿಗಿಲಾಗಿ ಚೌಕಟ್ಟು ಮೈಯಳತೆಗೆ ಒಪ್ಪಬೇಕು; ಒಪ್ಪದ ಚೌಕಟ್ಟಿನ ನೋವನ್ನು ಯಾವ ಸ್ಪ್ರಿಂಗೂ ನೀಗದು. ಸ್ಪ್ರಿಂಗು ಗಾಳಿಯದಾಗಿದ್ದರೆ ೪೫ ಕಿಲೋಗ್ರಾಂ ತೂಕದ ಹುಡುಗಿಗೂ ೮೦ ಕಿಲೋಗ್ರಾಂ ತೂಕದ ಯುವಕನಿಗೂ, ಒಂದು ಪಂಪಿನ ನೆರವಿನಿಂದ, ಅದೇ ೩೯ ಮಿಲಿಮೀಟರು ಕುಸಿತವನ್ನು ಹೊಂದಿಸಬಹುದು. ಭಾರದ ಸವಾರನಿಗೆಂದು ಮಾಡಿದ ಬದಲಿಸಲಾಗದ ಉಕ್ಕಿನ ಸ್ಪ್ರಿಂಗು ಹಗುರ ಮೈಯವರಿಗೆ ಬಾಗುವುದೇ ಇಲ್ಲ.

ಕೊನೆಯದಾಗಿ ಹಣದ ಮಾತು. ಈ ಲಕ್ಷಣಗಳೆಲ್ಲ ಇರುವ ಪೂರ್ಣ ಸಸ್ಪೆನ್ಷನ್ನಿನ ಸೈಕಲ್ಲಿನ ಬೆಲೆ ಸಾಮಾನ್ಯವಾಗಿ ಲಕ್ಷ ರೂಪಾಯಿಯನ್ನು ಮೀರುತ್ತದೆ. ಆದರೆ ಕೆಲವೇ ಸಾವಿರಗಳಿಗೆ ಎರಡು ಕಡೆಯೂ ಸ್ಪ್ರಿಂಗು ಹೊತ್ತ ಸೈಕಲ್ಲುಗಳೂ ಅಂಗಡಿಗಳ ಮುಂದೆ ನಿಂತಿರುತ್ತವೆ. ಅವನ್ನು ಪರೀಕ್ಷಿಸುವ ಬಗೆ ಸುಲಭ. ಸೀಟನ್ನು ಬಲವಾಗಿ ಒತ್ತಿ ಥಟ್ಟನೆ ಕೈಬಿಡಿ. ಒಮ್ಮೆ ಮೇಲೆ ಬಂದು ನೆಲೆಗೊಂಡರೆ ಒಳಗೆ ಅವಮಂದನವಿದೆ. ಮೂರು ನಾಲ್ಕು ಸಲ ಕುಣಿದರೆ ಅಲ್ಲಿರುವುದು ಬರಿಯ ಸ್ಪ್ರಿಂಗು; ತುಳಿತದ ಅನುರಣನೆಗೆ ಅದರಲ್ಲಿ ಯಾವ ಅಂಕೆಯೂ ಇಲ್ಲ. ಅಂಥದಕ್ಕೆ ಹಣ ಹಾಕುವುದಕ್ಕಿಂತ, ಹಿಂದೆ ಸ್ಪ್ರಿಂಗೇ ಇಲ್ಲದ, ಮುಂದೆ ಗಾಳಿಯ ಫೋರ್ಕೂ ಅಗಲವಾದ ಟೈರುಗಳೂ ಉಳ್ಳ ಸೈಕಲ್ಲನ್ನು ಕೊಳ್ಳುವುದು ಜಾಣತನ. ಅದೂ ಕೈಗೆಟುಕದಿದ್ದರೆ ಇದ್ದ ಸೈಕಲ್ಲಿಗೆ ಹಿಡಿಸುವಷ್ಟು ಅಗಲದ ಟೈರು ಹಾಕಿ, ಕಲ್ಲು ಬಂದಲ್ಲಿ ಸೀಟಿನಿಂದ ಎದ್ದು ಮೊಣಕಾಲು ಮೊಣಕೈಗಳನ್ನು ಸಡಿಲಬಿಟ್ಟು ಹೋಗುವುದನ್ನು ರೂಢಿಸಿಕೊಳ್ಳಬಹುದು. ಸ್ಪ್ರಿಂಗೂ ಅವಮಂದಕವೂ ಒಂದರಲ್ಲಿಯೇ ಕೂಡಿರುವ ಸ್ನಾಯುಗಳು ನಮಗೆ ಹುಟ್ಟಿನಿಂದಲೇ ದೊರೆತಿವೆ.

ಮಳೆಗಾಲ ಕಳೆದು, ನೆಲ ಆರಿ, ಹೊಲದಲ್ಲಿ ತೊಗರಿ ಹೂಬಿಡುವ ಕಾಲ ಈ ಸವಾರಿಗೆ ಹಿತವಾದುದು. ಬದುವನ್ನು ಕೆಡಿಸದೆ, ಬೆಳೆಯನ್ನು ತುಳಿಯದೆ, ಬಂಡಿಗೆ ದಾರಿಬಿಟ್ಟು, ಮೂರು ಲೀಟರು ನೀರು ಕಟ್ಟಿಕೊಂಡು ಹೊರಡಬೇಕು. ಹೊರಡುವ ಮುನ್ನ ಅಳತೆಪಟ್ಟಿಯೊಂದನ್ನು ಹಿಡಿದು ನಿಮ್ಮ ಸೈಕಲ್ಲಿನ ಕುಸಿತವನ್ನು ಅಳೆದು ನೋಡಿ. ಅದರ ಸಹಜ ಆವೃತ್ತಿ ಎಷ್ಟೆಂಬುದು ಎರಡು ನಿಮಿಷಗಳಲ್ಲಿ ನಿಮಗೆ ತಿಳಿಯುತ್ತದೆ.