ಮೊದಲ ದಿನದ ಹಾಳೆಯಲ್ಲಿ ಏನಿರಬೇಕು?

ವಿಜಯಪುರದ ಅಥಣಿ ರಸ್ತೆಯಲ್ಲಿ 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜಿದೆ. ಅದನ್ನು ದಾಟಿ ಹೋದರೆ ತಿಕೋಟಾ, ಅಲ್ಲಿಂದಾಚೆಗೂ ದ್ರಾಕ್ಷಿ ತೋಟಗಳು. ಬಬಲೇಶ್ವರ ಭಾಗದಲ್ಲೂ ದ್ರಾಕ್ಷಿಯದೇ ದುಡಿಮೆ. ಏಪ್ರಿಲ್, ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಬಂತೆಂದರೆ ಕೆಲಸಗಾರರು ಚಪ್ಪರದ ಕೆಳಗೆ ತಾಸುಗಟ್ಟಲೆ ಕೈ ಎತ್ತಿಯೇ ನಿಲ್ಲಬೇಕು. ಭುಜ ಹಿಡಿದುಕೊಳ್ಳದೆ ಇದ್ದೀತೆ?

ಇಂಥ ನೋವು ಹೊತ್ತು ಫಿಜಿಯೋಥೆರಪಿಗೆ ಬಂದವರು ಸಾಮಾನ್ಯವಾಗಿ ಹೇಳುವುದು ಒಂದೇ: ‘ಕರೆಂಟ್ ಹಚ್ಚಿ ಕಳಸ್ರಿ.’ ಆದರೆ ಮೊದಲ ದಿನ ಯಂತ್ರಕ್ಕಿಂತ ಮುಖ್ಯವಾದದ್ದು ತಪಾಸಣೆಯ ದಾಖಲೆ.

ಚಾಟ್ನಿಗೆ ಹೋಗುವ ಹೆಣ್ಣುಮಗಳೊಬ್ಬಳು ಬಂದಳೆನ್ನಿ. ನೋವು ಎಂದಿನಿಂದ, ಯಾವ ಕೈಯಲ್ಲಿ ಕತ್ತರಿ ಹಿಡಿಯುತ್ತಾಳೆ, ರಾತ್ರಿ ನಿದ್ದೆಗೆಡಿಸುತ್ತದೆಯೆ, ಹಿಂದೆ ಪೆಟ್ಟು ಬಿದ್ದಿತ್ತೆ ಎಂಬುದೆಲ್ಲ ಹಾಳೆಗೆ ಬರಬೇಕು. ಶುಗರ್ ಇದೆಯೆ ಎಂದು ಕೇಳಲೇಬೇಕು. ಮಧುಮೇಹಿಗಳಲ್ಲಿ ಭುಜ ಬಿಗಿದುಕೊಳ್ಳುವುದು ಹೆಚ್ಚು. ಜ್ವರ, ಕಾರಣವಿಲ್ಲದೆ ತೂಕ ಇಳಿದಿರುವುದು ಕಂಡರೆ ವ್ಯಾಯಾಮ ಬದಿಗಿರಲಿ, ಮೊದಲು ವೈದ್ಯರ ಬಳಿಗೆ.

ಆಮೇಲೆ ಅಳತೆ. ಗೋನಿಯೋಮೀಟರ್ ಎಂಬ ಎರಡು ತೋಳಿನ ಕೋನಮಾಪಕವನ್ನು ಭುಜದ ಕೀಲಿಗೆ ಹೊಂದಿಸಿ, ಕೈಯನ್ನು ಮುಂದಿನಿಂದ ಮೇಲೆತ್ತಿಸುತ್ತಾರೆ. ಸರಿಯಿದ್ದ ಭುಜ ಸುಮಾರು 180 ಡಿಗ್ರಿ ಏಳುತ್ತದೆ. ಆಕೆಯದು 95ಕ್ಕೇ ನಿಂತರೆ ‘95’ ಎಂದೇ ಬರೆಯಬೇಕು; ‘ಕೈ ಏಳುವುದಿಲ್ಲ’ ಎಂದರೆ ಸಾಲದು. ನೋವಿಗೆ 0ಯಿಂದ 10, ಸ್ನಾಯುವಿನ ಬಲಕ್ಕೆ 0ಯಿಂದ 5 ಅಂಕ. ತಿಂಗಳ ನಂತರ ಗುಣವಾಗಿದೆಯೋ ಇಲ್ಲವೋ ಎಂದು ಹೇಳಲು ಈ ಅಂಕಿಗಳೇ ಆಧಾರ.

ರೋಗಿಯ ಮಾತು, ತಪಾಸಣೆಯಲ್ಲಿ ಕಂಡದ್ದು, ಅದರಿಂದ ತಿಳಿದದ್ದು, ಮುಂದಿನ ಯೋಜನೆ ಎಂಬ ನಾಲ್ಕು ಭಾಗಗಳ ಕ್ರಮ ಬೆಳೆದದ್ದು 1960ರ ದಶಕದಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ರೂಪಿಸಿದ ದಾಖಲೆ ಪದ್ಧತಿಯಿಂದ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣ, ದೇಹದ ತೊಂದರೆಯ ಜೊತೆಗೆ ದಿನದ ಬದುಕನ್ನೂ ನೋಡಬೇಕೆನ್ನುತ್ತದೆ. ನಮ್ಮಲ್ಲಿ ಇದು ಇನ್ನೂ ಮುಖ್ಯ. ನೆಲದ ಮೇಲೆ ಕುಳಿತು ಏಳಲು, ಕೊಡ ಎತ್ತಲು, ರೊಟ್ಟಿ ಬಡಿಯಲು ಆಗುತ್ತದೆಯೆ ಎಂದು ಕೇಳದ ಫಾರಂ ಈ ಭಾಗಕ್ಕೆ ಅರೆಬರೆಯೇ ಸರಿ.

ಗುರಿಯೂ ಸ್ಪಷ್ಟವಾಗಿರಬೇಕು. ‘ನೋವು ಕಡಿಮೆ ಮಾಡುವುದು’ ಗುರಿಯಲ್ಲ. ‘ಆರು ವಾರದಲ್ಲಿ 150 ಡಿಗ್ರಿ, ಅರ್ಧ ತಾಸು ಚಾಟ್ನಿ ಮಾಡುವಷ್ಟು ಶಕ್ತಿ’ ಎಂಬುದು ಗುರಿ. ವಾರಕ್ಕೆ ಎಷ್ಟು ಸಲ ಬರಬೇಕು, ಮನೆಯಲ್ಲಿ ಯಾವ ವ್ಯಾಯಾಮ, ರೋಗಿಯ ಒಪ್ಪಿಗೆ, ತಾರೀಖು, ಚಿಕಿತ್ಸಕರ ಸಹಿ ಇವೂ ಬೇಕು.

ಮೊದಲ ದಿನದ ಹಾಳೆಯ ಪ್ರತಿಯನ್ನು, ಕೊನೆಗೆ ಮೊಬೈಲಿನಲ್ಲಿ ಒಂದು ಫೋಟೊವನ್ನಾದರೂ ಕೇಳಿ ಪಡೆಯಿರಿ. ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ ಅಲ್ಲಿನ ಫಿಜಿಯೋಥೆರಪಿಸ್ಟರಿಗೆ ಮೊದಲು ಅದನ್ನೇ ತೋರಿಸಿ.